ಹಡಗಿನ ಬಾಲ್ಕನಿ ಕೋಣೆ: ಯಾವುದು, ಯಾವ ಕಡೆ, ಎಂಥ ಕುರ್ಚಿ

ಮಂಡ್ಯದ ಹತ್ತಿರ ಹಳ್ಳಿಯಲ್ಲಿರುವ ನಮ್ಮ ಅಕ್ಕ, ಭಾವ ಬರುವ ಡಿಸೆಂಬರಿನಲ್ಲಿ ಸಿಂಗಪುರದಿಂದ ನಾಲ್ಕು ರಾತ್ರಿಯ ಹಡಗು ಪ್ರವಾಸಕ್ಕೆ ಹೊರಟಿದ್ದಾರೆ. ಟಿಕೆಟ್ ಮಾಡಿಸಿಕೊಡುವ ಹುಡುಗ ಮೂರು ದರ ಹೇಳಿದನಂತೆ: ಒಳಗಿನ ಕೋಣೆ, ಕಿಟಕಿ ಕೋಣೆ, ಬಾಲ್ಕನಿ ಕೋಣೆ. ಭಾವ ಅವತ್ತು ರಾತ್ರಿಯೇ ಮೈಸೂರಿನಲ್ಲಿರುವ ನನಗೆ ಫೋನ್ ಮಾಡಿದರು. "ಬಾಲ್ಕನಿ ಅಂದ್ರೆ ನಮ್ ಜಗಲಿ ಇದ್ದಂಗೆ ತಾನೇ ಕಣಮ್ಮ? ಅದ್ಕೆ ಅಷ್ಟೊಂದ್ ದುಡ್ಡು ಕೊಡ್ಬೇಕಾ?"

ಒಳ್ಳೆಯ ಪ್ರಶ್ನೆ. ನಾನು ಮೂರು ಸಲ ಹಡಗು ಹತ್ತಿದ್ದೇನೆ. ಒಮ್ಮೆ ಸಿಂಗಪುರದಿಂದ, ಎರಡು ಸಲ ಅಮೆರಿಕದಲ್ಲಿರುವ ಮಗಳ ಮನೆಗೆ ಹೋದಾಗ ಅವಳ ಜೊತೆ, ಅದರಲ್ಲಿ ಒಂದು ಸಲ ಅಲಾಸ್ಕಾಗೆ. ಮೂರರಲ್ಲೂ ಬಾಲ್ಕನಿ ಇತ್ತು. ಆದರೆ ಒಂದರಲ್ಲಿ ಮಾತ್ರ ಮನಸ್ಸು ತುಂಬುವಷ್ಟು ಕೂತೆವು. ಉಳಿದ ಎರಡರಲ್ಲಿ ಏನು ತಪ್ಪಾಯಿತು ಅಂತ ಆಮೇಲೆ ಕೂತು ಯೋಚಿಸಿದಾಗ ಗೊತ್ತಾಯಿತು, ನಾವು ಕೋಣೆಯನ್ನು ನೋಡಿ ಆರಿಸಿದ್ದೆವು, ಹೊರಗಿನ ಕುರ್ಚಿಯಲ್ಲಿ ಕೂತರೆ ಏನು ಕಾಣುತ್ತದೆ ಅಂತ ವಿಚಾರಿಸಿಯೇ ಇರಲಿಲ್ಲ. ಹಾಸಿಗೆ, ಬಚ್ಚಲು, ಬೀರು ಕಿಟಕಿ ಕೋಣೆಯಲ್ಲೂ ಹೆಚ್ಚುಕಡಿಮೆ ಅವೇ. ಬಾಲ್ಕನಿಗೆಂದು ಹೆಚ್ಚಿಗೆ ಕೊಡುವ ದುಡ್ಡೆಲ್ಲ ಹೊರಗಿನ ಆ ಎರಡು ಕುರ್ಚಿಗೆ ಕೊಟ್ಟ ಹಾಗೆ. ಅಲ್ಲಿ ಯಾರು ಕೂರುತ್ತಾರೆ, ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು ಎಂಬುದು ಗೊತ್ತಾದರೆ ಉಳಿದದ್ದು ತಾನಾಗಿ ತೀರ್ಮಾನವಾಗುತ್ತದೆ.

ಮೊದಲು, ಬಾಲ್ಕನಿ ಬೇಕೇ?

ಒಳಗಿನ ಕೋಣೆಗೆ ಕಿಟಕಿ ಇರುವುದಿಲ್ಲ. ದೀಪ ಆರಿಸಿದರೆ ಹಗಲೂ ರಾತ್ರಿಯೇ. ನಿದ್ದೆ ಚೆನ್ನಾಗಿ ಬರುತ್ತದೆ, ದರವೂ ಕಡಿಮೆ. 2014ರಲ್ಲಿ ರಾಯಲ್ ಕೆರಿಬಿಯನ್ ಕಂಪನಿ ನ್ಯಾವಿಗೇಟರ್ ಆಫ್ ದ ಸೀಸ್ ಹಡಗಿನ ಒಳಕೋಣೆಗಳಲ್ಲಿ ಗೋಡೆ ಎತ್ತರದ ಪರದೆ ಹಾಕಿ ಹೊರಗಿನ ಸಮುದ್ರವನ್ನು ಆ ಕ್ಷಣದಲ್ಲೇ ತೋರಿಸುವ ಏರ್ಪಾಡು ಮಾಡಿತು. ಆಮೇಲೆ ಬಂದ ಕೆಲವು ಹಡಗುಗಳಲ್ಲೂ ಅದಿದೆ. ಕಿಟಕಿ ಕೋಣೆಯಲ್ಲಿ ಬೆಳಕು ಬರುತ್ತದೆ, ಸಮುದ್ರ ಕಾಣುತ್ತದೆ, ಆದರೆ ಗಾಜು ತೆಗೆಯಲು ಆಗುವುದಿಲ್ಲ. ಗಾಳಿ, ಅಲೆಯ ಸದ್ದು, ಉಪ್ಪಿನ ವಾಸನೆ ಬೇಕೆಂದರೆ ಬಾಲ್ಕನಿಯೇ ಆಗಬೇಕು.

ಲೆಕ್ಕ ಹಾಕಲು ಒಂದು ಸುಲಭದ ದಾರಿ ಇದೆ. ಕಿಟಕಿ ಕೋಣೆಗಿಂತ ಬಾಲ್ಕನಿಗೆ ಇಬ್ಬರಿಗೂ ಸೇರಿ 20,000 ರೂಪಾಯಿ ಹೆಚ್ಚು ಎಂದಿಟ್ಟುಕೊಳ್ಳಿ. (ಹಡಗಿನವರು ದರ ಹೇಳುವುದು ಒಬ್ಬರಿಗೆ, ಅದೂ ಒಂದು ಕೋಣೆಯಲ್ಲಿ ಇಬ್ಬರು ಇರುತ್ತಾರೆ ಎಂಬ ಲೆಕ್ಕದಲ್ಲಿ. ಆದ್ದರಿಂದ ಎರಡರಿಂದ ಗುಣಿಸುವುದನ್ನು ಮರೆಯಬೇಡಿ.) ನಾಲ್ಕು ರಾತ್ರಿಯ ಪ್ರವಾಸದಲ್ಲಿ ದಿನಕ್ಕೆ ಎರಡೂವರೆ ಗಂಟೆ ಹೊರಗೆ ಕೂತರೆ ಹತ್ತು ಗಂಟೆ ಆಯಿತು. ಗಂಟೆಗೆ 2,000 ರೂಪಾಯಿ. ಬರೀ ಫೋಟೋ ತೆಗೆಸಿಕೊಳ್ಳಲು ಎರಡು ಸಲ ಬಾಗಿಲು ತೆಗೆದರೆ ಅರ್ಧ ಗಂಟೆಗೇ ಅಷ್ಟೂ ದುಡ್ಡು. ಈ ಲೆಕ್ಕವನ್ನು ಮನೆಯಲ್ಲಿ ಎಲ್ಲರ ಎದುರು ಬಾಯಿಬಿಟ್ಟು ಹೇಳಿ ನೋಡಿ, ಯಾರಿಗೆ ನಿಜವಾಗಿ ಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಚಿಕ್ಕ ಮಕ್ಕಳನ್ನು ಕರೆದುಕೊಂಡು ಎರಡು ಮೂರು ರಾತ್ರಿಗೆ ಹೋಗುವವರಿಗೆ ನಾನು ಬಾಲ್ಕನಿ ಬೇಡ ಎಂದೇ ಹೇಳುತ್ತೇನೆ. ಮಕ್ಕಳು ಬೆಳಗಾದರೆ ಈಜುಕೊಳ, ಮಧ್ಯಾಹ್ನ ಆಟದ ಜಾಗ, ಸಂಜೆ ಷೋ ಅಂತ ಓಡುತ್ತಿರುತ್ತಾರೆ. ನೀವೂ ಅವರ ಹಿಂದೆ. ಮುಂಬಯಿಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗನ್ನು ಯೋಚಿಸುತ್ತಿದ್ದರೆ ಇನ್ನೊಂದು ಮಾತು. ಅದು 1990ರಲ್ಲಿ ಓಡಾಟ ಶುರುಮಾಡಿದ ಹಡಗು. ಆಗಿನ ಕಾಲದ ಹಡಗುಗಳಿಗೆ ಬಾಲ್ಕನಿ ತೀರಾ ಕಡಿಮೆ. ಅದರಲ್ಲಿ ಬಹುಪಾಲು ಒಳಕೋಣೆ ಮತ್ತು ಕಿಟಕಿ ಕೋಣೆಗಳೇ, ಬಾಲ್ಕನಿ ಬೇಕೆಂದರೆ ಸೂಟ್, ಅಂದರೆ ದೊಡ್ಡ ದುಬಾರಿ ಕೋಣೆಯ ದರ್ಜೆಗೆ ಹೋಗಬೇಕು. ಅಲ್ಲಿ ಕಿಟಕಿ ಕೋಣೆ ಹಿಡಿದು, ಸಂಜೆ ಮೇಲಿನ ಡೆಕ್ಕಿಗೆ ಹೋಗಿ ಕೂರುವುದು ಬುದ್ಧಿವಂತಿಕೆ. ಸಿಂಗಪುರದಿಂದ ಹೊರಡುವ ಹೊಸ ಕಾಲದ ದೊಡ್ಡ ಹಡಗುಗಳ ಕಥೆ ಬೇರೆ. ಅವುಗಳಲ್ಲಿ ಹೊರಗೋಡೆಯ ಕೋಣೆಗಳು ಹೆಚ್ಚಿನವು ಬಾಲ್ಕನಿಯವೇ ಆದ್ದರಿಂದ ದರದ ಅಂತರವೂ ಕೈಗೆಟುಕುವ ಹಾಗಿರುತ್ತದೆ.

ವಯಸ್ಸಾದವರು, ಜನಜಂಗುಳಿ ಬೇಡ ಅನ್ನುವವರು, ಬೆಳಗಿನ ಜಾವ ಎದ್ದು ಅಭ್ಯಾಸ ಇರುವವರು ಬಾಲ್ಕನಿ ತೆಗೆದುಕೊಳ್ಳಲಿ. ನಮ್ಮ ಭಾವ ನಾಲ್ಕೂವರೆಗೆ ಎದ್ದು ಜಗಲಿಯ ಮೇಲೆ ಕೂತು, ಗದ್ದೆ ಕಡೆ ನೋಡುತ್ತಾ ಎರಡು ಲೋಟ ಕಾಫಿ ಕುಡಿಯುವವರು. ಅವರಿಗೆ ಬಾಲ್ಕನಿ ದಂಡವಲ್ಲ.

ಬಾಲ್ಕನಿ ಅಂದರೆ ಎಲ್ಲ ಒಂದೇ ಅಲ್ಲ

ಸಾಧಾರಣ ಬಾಲ್ಕನಿಯ ಅಳತೆ ಕೇಳಿದರೆ ಮೊದಲ ಸಲ ಹೋಗುವವರಿಗೆ ಆಶ್ಚರ್ಯವಾಗುತ್ತದೆ. ಕಾರ್ನಿವಲ್ ಕಂಪನಿಯ ಸಾಮಾನ್ಯ ಬಾಲ್ಕನಿ 35 ಚದರ ಅಡಿ. ರಾಯಲ್ ಕೆರಿಬಿಯನ್ನಿನ ಓಯಸಿಸ್ ವರ್ಗದ ಹಡಗುಗಳಲ್ಲಿ ಸುಮಾರು 50. ಈ ಅಂಕಿ ಕಾಗದದ ಮೇಲೆ ಅರ್ಥವಾಗುವುದಿಲ್ಲ. ನಾನು ಅಲಾಸ್ಕಾಗೆ ಹೋಗುವ ಮುಂಚೆ ಮನೆಯ ಹಜಾರದಲ್ಲಿ ಸೀಮೆಸುಣ್ಣದಿಂದ ಐದಡಿ ಅಗಲ, ಏಳಡಿ ಉದ್ದದ ಚೌಕ ಎಳೆದೆ. 35 ಚದರ ಅಡಿ ಅಂದರೆ ಅಷ್ಟೇ. ಅದರೊಳಗೆ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಸ್ಟೂಲು ಇಟ್ಟು ನಾನೂ ನಮ್ಮನೆಯವರೂ ಕೂತೆವು. ಇಬ್ಬರೂ ಕಾಲು ಚಾಚಿದರೆ ಗೆರೆ ದಾಟುತ್ತಿತ್ತು. ಮೂರನೆಯವರಿಗೆ ಜಾಗವೇ ಇಲ್ಲ. ಹತ್ತು ನಿಮಿಷದ ಕೆಲಸ, ನೀವೂ ಮಾಡಿ ನೋಡಿ. ಮೂವರು ಒಂದೇ ಕೋಣೆಯಲ್ಲಿ ಹೋಗುವವರಂತೂ ಮಾಡಲೇಬೇಕು, ಏಕೆಂದರೆ ಕೋಣೆಯಲ್ಲಿ ಎಷ್ಟು ಜನ ಇದ್ದರೂ ಹೊರಗೆ ಇಡುವುದು ಸಾಮಾನ್ಯವಾಗಿ ಎರಡೇ ಕುರ್ಚಿ.

ಹಡಗಿನ ಪಕ್ಕೆಯಲ್ಲಿ, ನಡುಭಾಗದಲ್ಲಿ ಇರುವ ಬಾಲ್ಕನಿ ಎಲ್ಲಕ್ಕಿಂತ ನೆಚ್ಚಿಕೊಳ್ಳಬಹುದಾದದ್ದು. ಹಡಗು ತೂಗುವಾಗ ಮೂತಿ ಮತ್ತು ಬಾಲ ಹೆಚ್ಚು ಏಳುಬೀಳಾಗುತ್ತವೆ, ಮೇಲಿನ ಅಂತಸ್ತುಗಳು ಹೆಚ್ಚು ವಾಲುತ್ತವೆ. ನಡುವೆ, ಕೆಳಗಿನ ಅಂತಸ್ತಿನಲ್ಲಿ ಅಲುಗಾಟ ಕಡಿಮೆ. ತಲೆಸುತ್ತು, ಓಕರಿಕೆಯ ಭಯ ಇರುವವರು ಇದನ್ನು ಬಿಟ್ಟು ಬೇರೆ ಯೋಚಿಸಬೇಡಿ. ತೊಟ್ಟಿಲು ತೂಗುವಾಗ ನಡುವೆ ಇರುವ ಮಗುವಿನ ಹಾಗೆ ನೀವು.

ಹಡಗಿನ ಬೆನ್ನಿಗೆ, ಅಂದರೆ ಹಿಂಭಾಗಕ್ಕೆ ಇರುವ ಬಾಲ್ಕನಿಗಳಿಗೆ ಬೇಡಿಕೆ ಜಾಸ್ತಿ. ಹಡಗು ಹೋದ ದಾರಿಯಲ್ಲಿ ಬಿಳಿ ನೊರೆಯ ರಸ್ತೆಯೊಂದು ದಿಗಂತದವರೆಗೆ ಬಿಚ್ಚಿಕೊಳ್ಳುತ್ತಾ ಹೋಗುವುದನ್ನು ಅಲ್ಲಿಂದ ನೋಡಬೇಕು. ಕತ್ತಲಾದ ಮೇಲೂ ಆ ನೊರೆ ಮಸುಕಾಗಿ ಕಾಣುತ್ತಿರುತ್ತದೆ. ಎಷ್ಟೋ ಹಡಗುಗಳಲ್ಲಿ ಹಿಂದಿನ ಬಾಲ್ಕನಿಗಳು ಪಕ್ಕೆಯವಕ್ಕಿಂತ ದೊಡ್ಡವು, ಎದುರುಗಾಳಿಯೂ ಅಷ್ಟು ಹೊಡೆಯುವುದಿಲ್ಲ. ಆದರೆ ಇಂಜಿನ್ನಿನ ನಡುಕ ಕಾಲಿಗೆ ತಾಗುತ್ತದೆ, ಗಾಳಿ ತಿರುಗಿದಾಗ ಹೊಗೆಕೊಳವೆಯ ಮಸಿ ಕುರ್ಚಿಯ ಮೇಲೆ ಬೀಳುವುದುಂಟು, ಲಿಫ್ಟಿನಿಂದ ನಡೆಯುವ ದೂರವೂ ಹೆಚ್ಚು. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿರುವ ಕಡೆ ಮೇಲಿನ ಅಂತಸ್ತಿನವರಿಗೆ ನಿಮ್ಮ ಬಾಲ್ಕನಿಯೊಳಗೆ ಪೂರಾ ಕಾಣುತ್ತದೆ.

ನೀರಿಗೆ ಹತ್ತಿರವಾಗಿ, ಹಡಗಿನ ಒಡಲಿನಲ್ಲೇ ಕೊರೆದ ಗೂಡಿನಂಥ ಬಾಲ್ಕನಿ ಕಾರ್ನಿವಲ್ ಹಡಗುಗಳಲ್ಲಿದೆ, ಅದಕ್ಕೆ ಕೋವ್ ಬಾಲ್ಕನಿ ಎಂದು ಹೆಸರು. ನೆರಳು ಚೆನ್ನಾಗಿರುತ್ತದೆ, ಗಾಳಿ ಕಡಿಮೆ, ಅಲೆ ಒಡೆಯುವ ಸದ್ದು ಕಿವಿ ಪಕ್ಕದಲ್ಲೇ. ಮುಂದಿನ ತಡೆ ಮಾತ್ರ ಉಕ್ಕಿನದು. ಅದರಿಂದ ಏನಾಗುತ್ತದೆ ಅನ್ನುವುದನ್ನು ಕುರ್ಚಿಯ ವಿಷಯಕ್ಕೆ ಬಂದಾಗ ಹೇಳುತ್ತೇನೆ.

2018ರಲ್ಲಿ ಬಂದ ಸೆಲೆಬ್ರಿಟಿ ಎಡ್ಜ್ ಹಡಗಿನಿಂದ ಇನ್ನೊಂದು ಬಗೆ ಹೆಸರಾಯಿತು. ಹೊರಗೆ ಬೇರೆ ಬಾಲ್ಕನಿಯೇ ಇಲ್ಲ. ಕೋಣೆಯೇ ಹಡಗಿನ ಅಂಚಿನವರೆಗೆ ಹೋಗುತ್ತದೆ, ಗುಂಡಿ ಒತ್ತಿದರೆ ದೊಡ್ಡ ಗಾಜಿನ ಮೇಲಿನ ಅರ್ಧ ಕೆಳಗಿಳಿಯುತ್ತದೆ. ಕಾರಿನ ಕಿಟಕಿ ಇಳಿಸಿದ ಹಾಗೆ. ಬಯಲಲ್ಲಿ ಕೂತ ಸುಖ ಇದರಲ್ಲಿ ಇಲ್ಲ ಎಂದು ದೂರುವವರು ಬೇಕಾದಷ್ಟು ಜನ ಇದ್ದಾರೆ, ಹವಾಮಾನ ಕೆಟ್ಟರೆ ಹಡಗಿನವರೇ ಗಾಜನ್ನು ಇಳಿಯದಂತೆ ಮಾಡುತ್ತಾರೆ. ಆದರೂ ಮಂಡಿನೋವಿನವರಿಗೆ, ಕೋಲು ಹಿಡಿದು ನಡೆಯುವವರಿಗೆ ಇದು ಒಳ್ಳೆಯದು ಎನ್ನುವುದು ನನ್ನ ಅನಿಸಿಕೆ. ಎಡವಲು ಹೊಸ್ತಿಲೇ ಇರುವುದಿಲ್ಲ.

ಹೌದು, ಹೊಸ್ತಿಲು. ಸಾಮಾನ್ಯ ಬಾಲ್ಕನಿಯ ಬಾಗಿಲಿಗೆ ನೀರು ಒಳಗೆ ಬರದಿರಲೆಂದು ಎತ್ತರಿಸಿದ ಅಂಚು ಇರುತ್ತದೆ. ನಮ್ಮ ಹಳೆಯ ಮನೆಗಳ ಹೊಸ್ತಿಲಿನ ಹಾಗೆಯೇ. ಆದರೆ ನಮ್ಮ ಹೊಸ್ತಿಲು ಅಲುಗಾಡುವುದಿಲ್ಲ, ಇದು ಅಲುಗಾಡುತ್ತದೆ. ಹಿರಿಯರಿದ್ದರೆ ಅಂಚು ಎಷ್ಟು ಎತ್ತರ ಅಂತ ಬುಕಿಂಗ್ ಮಾಡುವಾಗಲೇ ಕೇಳಿ. ಗಾಲಿಕುರ್ಚಿಯವರಿಗೆಂದೇ ಇರುವ ಕೋಣೆಗಳಲ್ಲಿ ಇಳಿಜಾರು ಮಾಡಿರುತ್ತಾರೆ.

ದೊಡ್ಡ ಓಯಸಿಸ್ ವರ್ಗದ ಹಡಗುಗಳಲ್ಲಿ ಬಾಲ್ಕನಿಯೇ ಒಳಮುಖವಾಗಿರುವುದೂ ಇದೆ. 2009ರಲ್ಲಿ ಮೊದಲ ಹಡಗು ಬಂದಾಗಿನಿಂದ. ಹಡಗಿನ ನಡುವಿನ ತೋಟದ ಕಡೆಗೋ, ಆಟದ ಬೀದಿಯ ಕಡೆಗೋ ಮುಖ. ದರ ಸಮುದ್ರದ ಬಾಲ್ಕನಿಗಿಂತ ಕಡಿಮೆ ಇರುತ್ತದೆ. ಮೈಸೂರು, ಮಂಡ್ಯದಿಂದ ಹೊರಟು ಬಂದವರಿಗೆ ಸಮುದ್ರ ಅಪರೂಪ. ನೂರಾರು ಮೈಲಿ ಬಂದು ಗಿಡಗಳನ್ನು ನೋಡುತ್ತಾ ಕೂರುವುದಕ್ಕೆ ನಮ್ಮ ಕುಕ್ಕರಹಳ್ಳಿ ಕೆರೆ ಏರಿ ಸಾಕು. ಬೇಡ.

ಅತ್ತೆ ನೋಡಿದ ದೋಣಿಯ ಬೆನ್ನು

ಎಲ್ಲರೂ ಮೋಸ ಹೋಗುವ ಜಾಗ ಇದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಗಳ ಜೊತೆಯ ಇನ್ನೊಂದು ಪ್ರವಾಸದಲ್ಲಿ ನಮ್ಮತ್ತೆಯೂ ಇದ್ದರು, ಅವರಿಗೆ ಆಗ ಎಪ್ಪತ್ತೆಂಟು. ಅವರು ಬಂದರು ಅಂತಲೇ ಬಾಲ್ಕನಿ ಕೋಣೆ ಮಾಡಿಸಿದ್ದೆವು. ಹಡಗು ಹತ್ತಿ, ಪರದೆ ಸರಿಸಿ, ಬಾಗಿಲು ತೆಗೆದರೆ ಎದುರಿಗೆ ಒಂದು ದೊಡ್ಡ ಕಿತ್ತಳೆ ಬಣ್ಣದ ಗುಡ್ಡ. ಜೀವರಕ್ಷಕ ದೋಣಿಯ ಮೇಲ್ಛಾವಣಿ. ಅದರ ಮೇಲಿನ ಬೋಲ್ಟು, ಹಗ್ಗದ ಕೊಂಡಿ, ಮಳೆ ನೀರು ಇಳಿದ ಕಲೆ ಎಲ್ಲ ಕಾಣುತ್ತಿತ್ತು, ನೀರು ಮಾತ್ರ ಕಾಣುತ್ತಿರಲಿಲ್ಲ. ಅತ್ತೆ ಕುರ್ಚಿಯಲ್ಲಿ ಕೂತು, ಕತ್ತು ಎತ್ತಿ ಎತ್ತಿ ನೋಡಿದರು. "ಸಮುದ್ರ ತೋರಿಸ್ತೀನಿ ಅಂತ ಕರ್ಕೊಂಡು ಬಂದು ದೋಣಿ ಬೆನ್ನು ತೋರಿಸ್ತಿದೀಯಲ್ಲೇ" ಅಂದರು. ಬೈಯಲಿಲ್ಲ, ಬರೀ ಅಂದರು. ಅದೇ ನನಗೆ ಹೆಚ್ಚು ನೋವಾಯಿತು. ಹಡಗು ಪೂರ್ತಿ ತುಂಬಿತ್ತು, ಕೋಣೆ ಬದಲಿಸಲು ಆಗಲಿಲ್ಲ.

ನಮಗೆ ಟಿಕೆಟ್ ಮಾಡಿಸಿಕೊಟ್ಟವರು ಬರೀ 'ಬಾಲ್ಕನಿ' ಎಂದಿದ್ದರು. ಕಂಪನಿಯ ಪಟ್ಟಿಯಲ್ಲಿ ಅದಕ್ಕೆ 'ಅಬ್‌ಸ್ಟ್ರಕ್ಟೆಡ್ ವ್ಯೂ', ಅಂದರೆ ನೋಟಕ್ಕೆ ಅಡ್ಡಿ ಇದೆ ಎಂದು ಸ್ಪಷ್ಟವಾಗಿಯೇ ಇತ್ತು. ನಾವು ಪಟ್ಟಿ ನೋಡಿರಲಿಲ್ಲ. ಆದ್ದರಿಂದ ಬುಕಿಂಗ್ ಮಾಡುವ ಮುಂಚೆ ಕೋಣೆಯ ನಂಬರು ಕೇಳಿ. ನಂಬರು ಸಿಕ್ಕಮೇಲೆ ಕಂಪನಿಯ ವೆಬ್‌ಸೈಟಿನಲ್ಲಿ ಡೆಕ್ ಪ್ಲಾನ್, ಅಂದರೆ ಅಂತಸ್ತುಗಳ ನಕ್ಷೆ ತೆಗೆದು ನೋಡಿ. ದೋಣಿಗಳು ಯಾವ ಅಂತಸ್ತಿನಲ್ಲಿ ತೂಗುಹಾಕಿವೆ, ನಿಮ್ಮ ಕೋಣೆ ಅದಕ್ಕೆ ನೇರವಾಗಿದೆಯೋ, ಒಂದು ಅಂತಸ್ತು ಮೇಲಿದೆಯೋ ಗೊತ್ತಾಗುತ್ತದೆ. ದೋಣಿ ಕೆಳಗಿದ್ದು ನೀವು ಮೇಲಿದ್ದರೆ ಕೆಳಗೆ ಬಗ್ಗಿ ನೋಡುವಾಗ ಮಾತ್ರ ಅಡ್ಡಿ, ದೂರದ ಸಮುದ್ರ ಸರಾಗವಾಗಿ ಕಾಣುತ್ತದೆ. ಅಂಥದ್ದು ಕಡಿಮೆ ದರಕ್ಕೆ ಸಿಕ್ಕರೆ ಧಾರಾಳವಾಗಿ ತೆಗೆದುಕೊಳ್ಳಬಹುದು. 'ಗ್ಯಾರಂಟಿ' ಎಂಬ ಹೆಸರಿನಲ್ಲಿ ಅಗ್ಗಕ್ಕೆ ಕೊಡುವ ಕೋಣೆಗೆ ನಂಬರು ಆಮೇಲೆ ಅವರೇ ಹಾಕುತ್ತಾರೆ, ಆರಿಸುವ ಅವಕಾಶ ನಿಮಗಿಲ್ಲ. ಹೆಸರು ಗ್ಯಾರಂಟಿ ಎಂದಿದ್ದರೂ ಖಾತರಿ ಇರುವುದು ದರ್ಜೆಗೆ ಮಾತ್ರ, ಜಾಗಕ್ಕಲ್ಲ. ಹಿರಿಯರ ಜೊತೆ ಹೋಗುವಾಗ ಅದಕ್ಕೆ ಕೈಹಾಕಬೇಡಿ.

ನಕ್ಷೆ ತೆಗೆದಾಗಲೇ ತಲೆಯ ಮೇಲೆ ಏನಿದೆ ಅಂತಲೂ ನೋಡಿಬಿಡಿ. ಈಜುಕೊಳದ ಅಂತಸ್ತು ಮೇಲಿದ್ದರೆ ಬೆಳಗಿನ ಜಾವ ಕುರ್ಚಿ ಎಳೆದಾಡುವ ಸದ್ದಿಗೆ ಎಚ್ಚರವಾಗುತ್ತದೆ. ಮೇಲೂ ಕೆಳಗೂ ಕೋಣೆಗಳೇ ಇದ್ದರೆ ನೆಮ್ಮದಿ.

ಕುರ್ಚಿಯ ವಿಚಾರ

ಹಡಗಿನ ಬಾಲ್ಕನಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಅಲ್ಯುಮಿನಿಯಂ ಚೌಕಟ್ಟಿಗೆ ಜಾಲರಿಯಂಥ ಪ್ಲಾಸ್ಟಿಕ್ ಬಟ್ಟೆ ಬಿಗಿದ ನೇರ ಕುರ್ಚಿ. ನೋಡಲು ಸಾದಾ. ಆದರೆ ಉಪ್ಪುಗಾಳಿಗೆ ತುಕ್ಕು ಹಿಡಿಯುವುದಿಲ್ಲ, ನೆನೆದರೂ ಬೇಗ ಒಣಗುತ್ತದೆ, ಕೈ ಇಟ್ಟುಕೊಂಡು ಏಳಲು ತೋಳುಗಳಿರುತ್ತವೆ. ಮಂಡಿನೋವಿರುವವರಿಗೆ ಇದೇ ಸರಿ. ಕೂರುವ ಮಟ್ಟ ನೆಲದಿಂದ 17-18 ಇಂಚು ಇದ್ದರೆ ಏಳುವಾಗ ಮಂಡಿಗೆ ಭಾರ ಬೀಳುವುದಿಲ್ಲ. ನಿಮ್ಮ ಮನೆಯ ಊಟದ ಮೇಜಿನ ಕುರ್ಚಿಯನ್ನು ಟೇಪು ಹಿಡಿದು ಅಳೆದು ನೋಡಿ, ಹತ್ತಿರ ಹತ್ತಿರ ಅಷ್ಟೇ ಇರುತ್ತದೆ.

ಅದರಲ್ಲೇ ಇನ್ನೊಂದು, ಬೆನ್ನು ಹಿಂದಕ್ಕೆ ವಾಲಿಸಬಹುದಾದ ಕುರ್ಚಿ, ಜೊತೆಗೆ ಕಾಲಿಡಲು ಪುಟ್ಟ ಮಣೆ. ಅಜ್ಜಂದಿರ ಕಾಲದ ಆರಾಮಕುರ್ಚಿಯ ನೆನಪಾಗುತ್ತದೆ. ಮಿನಿ ಸೂಟ್‌ನಂಥ ಮೇಲಿನ ದರ್ಜೆಗಳಲ್ಲಿ ಇದು ಹೆಚ್ಚು. ಮಧ್ಯಾಹ್ನ ಊಟ ಮಾಡಿ ಒರಗಲು ಇದಕ್ಕಿಂತ ಬೇರೆ ಬೇಡ.

ಫೋಟೋಗಳಲ್ಲಿ ಎಲ್ಲರಿಗೂ ಆಸೆ ಹುಟ್ಟಿಸುವುದು ಉದ್ದಕ್ಕೆ ಮಲಗುವ ಲೌಂಜರ್. ನಾನು ಸಿಂಗಪುರದ ಪ್ರವಾಸದಲ್ಲಿ ಅದಕ್ಕೇ ಆಸೆಪಟ್ಟು ಮೇಲಿನ ದರ್ಜೆ ತೆಗೆದುಕೊಂಡಿದ್ದೆ. ಮಲಗಿದ ಮೇಲೆ ಗೊತ್ತಾಯಿತು, ಸಮುದ್ರವೇ ಕಾಣುವುದಿಲ್ಲ! ಇದನ್ನು ಲೆಕ್ಕದಲ್ಲೇ ನೋಡಿ. ಬಾಲ್ಕನಿಯ ತಡೆಗೋಡೆ, ಕೈಹಿಡಿಯ ಮಟ್ಟಕ್ಕೆ, ಮೂರೂಕಾಲು ಅಡಿಯಿಂದ ಮೂರೂವರೆ ಅಡಿ ಎತ್ತರ ಇರುತ್ತದೆ. ಅಮೆರಿಕದ ಬಂದರುಗಳಿಂದ ಹೊರಡುವ ಹಡಗುಗಳಿಗೆ 2010ರ ಕಾನೂನಿನಂತೆ 42 ಇಂಚಿಗೆ ಕಡಿಮೆ ಇರುವ ಹಾಗಿಲ್ಲ. ನೇರ ಕುರ್ಚಿಯಲ್ಲಿ ಕೂತ ಸಾಧಾರಣ ಎತ್ತರದ ಹೆಂಗಸಿನ ಕಣ್ಣು ನೆಲದಿಂದ 44-45 ಇಂಚಿಗೆ ಬರುತ್ತದೆ. ಕೈಹಿಡಿಯ ಮೇಲಿಂದ ದಿಗಂತ, ಕೆಳಗಿನ ಗಾಜಿನಿಂದ ಅಲೆ, ಎರಡೂ ಕಾಣುತ್ತವೆ. ಅದೇ ಲೌಂಜರಿನಲ್ಲಿ ಒರಗಿದರೆ ಕಣ್ಣು ಮೂರಡಿಗಿಂತ ಕೆಳಗೆ. ಕೈಹಿಡಿಯ ಅಡ್ಡಪಟ್ಟಿ ಕಣ್ಣಿಗಿಂತ ಮೇಲೆ, ದಿಗಂತದ ಗೆರೆ ಅದರ ಕೆಳಗೆ ತಡೆಯ ಹಿಂದೆ ಹೋಗುತ್ತದೆ. ಮುಂದೆ ಗಾಜಿದ್ದರೆ ಅದರ ಮೂಲಕ ಒಂದಿಷ್ಟು ನೀರು ಕಾಣಬಹುದು, ಅದೂ ಉಪ್ಪಿನ ಕಲೆ ಇಲ್ಲದಿದ್ದರೆ. ಉಕ್ಕಿನ ತಡೆ ಇದ್ದರೆ ಬರೀ ಆಕಾಶ.

ಆದ್ದರಿಂದ ಕುರ್ಚಿಯನ್ನೂ ಮುಂದಿನ ತಡೆಯನ್ನೂ ಜೊತೆಗೇ ಯೋಚಿಸಬೇಕು. ಗಾಜಿನ ತಡೆಯಾದರೆ ಯಾವ ಕುರ್ಚಿಯಾದರೂ ನಡೆಯುತ್ತದೆ. ಕೋವ್ ಬಾಲ್ಕನಿಯಲ್ಲಿ, ಮೂತಿಯ ಕಡೆಯ ಕೆಲವು ಬಾಲ್ಕನಿಗಳಲ್ಲಿ ತಡೆ ಉಕ್ಕಿನದಾದರೆ ನೇರ ಕುರ್ಚಿಯೇ ಬೇಕು. ಎತ್ತರ ಕಡಿಮೆ ಇರುವವರು, ನಮ್ಮತ್ತೆಯಂಥವರು, ಅಲ್ಲಿ ಕೂತರೆ ದಿಗಂತ ಕಾಣುವುದೂ ಕಷ್ಟ.

ಬೆತ್ತದ ಹಾಗೆ ಕಾಣುವ ಪ್ಲಾಸ್ಟಿಕ್ ಹೆಣಿಗೆಯ ಕುರ್ಚಿಗಳನ್ನು ದೊಡ್ಡ ಸೂಟ್‌ಗಳಲ್ಲಿ ಇಡುತ್ತಾರೆ. ಮೆತ್ತೆ ಹಾಕಿದ್ದು, ಅಂದವಾಗಿರುತ್ತವೆ. ಆದರೆ ಭಾರ, ಸರಿಸಲು ಆಗುವುದಿಲ್ಲ. ಮೆತ್ತೆ ಒಮ್ಮೆ ಉಪ್ಪುನೀರಿಗೆ ನೆನೆದರೆ ಅರ್ಧ ದಿನ ಕೂರುವ ಹಾಗಿಲ್ಲ.

ಮೇಜಿನ ಬಗ್ಗೆಯೂ ಒಂದು ಮಾತು. ಹೆಚ್ಚಿನ ಕಡೆ ಇರುವುದು ಮಂಡಿ ಮಟ್ಟದ ಪುಟ್ಟ ಮೇಜು, ಎರಡು ಲೋಟ ಒಂದು ತಟ್ಟೆ ಹಿಡಿಸುವಂಥದ್ದು. ಬೆಳಗಿನ ತಿಂಡಿ ಅಲ್ಲೇ ತರಿಸಿಕೊಂಡು ತಿನ್ನಬೇಕು ಎಂಬ ಆಸೆ ಇದ್ದರೆ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕಾಗುತ್ತದೆ. ಊಟದ ಮೇಜಿನ ಎತ್ತರದ್ದು ಬೇಕೆಂದರೆ ಸೂಟ್ ದರ್ಜೆಯೇ.

ಇಟ್ಟ ಕುರ್ಚಿ ಹೊಂದಲಿಲ್ಲ ಎಂದರೆ ಸುಮ್ಮನಿರಬೇಡಿ. ಮೊದಲ ದಿನವೇ ಕೋಣೆ ನೋಡಿಕೊಳ್ಳುವ ಸ್ಟೂವರ್ಡ್‌ಗೆ ಹೇಳಿ. ಅಲಾಸ್ಕಾದಲ್ಲಿ ನಮಗೆ ಒರಗುವ ಕುರ್ಚಿಯೊಂದನ್ನು ತೆಗೆದು ನೇರ ಕುರ್ಚಿ ತಂದುಕೊಟ್ಟರು. ಅಕ್ಕಪಕ್ಕದ ಎರಡು ಕೋಣೆ ಒಂದೇ ಕುಟುಂಬದ್ದಾದರೆ, ನಡುವಿನ ತಡಿಕೆ ತೆಗೆಯಲು ಬರುವಂಥದ್ದಾದರೆ, ಕೇಳಿಕೊಂಡರೆ ತೆಗೆದುಕೊಡುತ್ತಾರೆ. ಆಗ ನಾಲ್ಕು ಜನ ಒಟ್ಟಿಗೆ ಕೂತು ಹರಟೆ ಹೊಡೆಯುವ ಜಗಲಿ ಸಿಕ್ಕಿತು ಎಂದೇ ತಿಳಿಯಿರಿ.

ಗಾಳಿ, ಬಿಸಿಲು, ಎಡ, ಬಲ

ಹಡಗು 20 ನಾಟ್ ವೇಗದಲ್ಲಿ ಹೋದರೆ ಅದು ಗಂಟೆಗೆ 37 ಕಿಲೋಮೀಟರ್. ಸಮುದ್ರದಲ್ಲಿ ಎಲೆ ಅಲುಗದಷ್ಟು ಶಾಂತ ಇದ್ದರೂ ಹಡಗಿನ ಓಟಕ್ಕೇ ಅಷ್ಟು ಗಾಳಿ ಹುಟ್ಟುತ್ತದೆ. ಹುಣಸೂರು ರಸ್ತೆಯಲ್ಲಿ ಸ್ಕೂಟರಿನ ಹಿಂದೆ ಕೂತು ಹೋದ ಹಾಗೆ. ಪಕ್ಕದ ತಡಿಕೆಗಳು ಸ್ವಲ್ಪ ತಡೆಯುತ್ತವೆ, ಆದರೂ ಪೇಪರು, ಟೋಪಿ, ಹೊದ್ದ ಶಾಲು ಹಾರಿಹೋಗುತ್ತವೆ. ಮೂತಿಯ ಕಡೆಗೆ ಹೋದಷ್ಟೂ ಗಾಳಿ ಜೋರು. ಕೋಣೆಯ ಮುಂಬಾಗಿಲು ತೆಗೆದಿರುವಾಗ ಬಾಲ್ಕನಿ ಬಾಗಿಲನ್ನೂ ತೆಗೆದರೆ ಗಾಳಿ ನುಗ್ಗಿ ಒಂದು ಬಾಗಿಲು ಧಡಾರನೆ ಬಡಿಯುತ್ತದೆ. ಬೆರಳು ಸಿಕ್ಕರೆ ಗತಿ ಏನು? ಒಂದು ಮುಚ್ಚಿ, ಇನ್ನೊಂದು ತೆಗೆಯಿರಿ.

ಎಡ ಬಲದ ಲೆಕ್ಕ ತುಂಬಾ ಜನ ಮಾಡುವುದಿಲ್ಲ. ಹಡಗಿನ ಮೂತಿಗೆ ಮುಖ ಮಾಡಿ ನಿಂತರೆ ಎಡಕ್ಕೆ ಪೋರ್ಟ್, ಬಲಕ್ಕೆ ಸ್ಟಾರ್‌ಬೋರ್ಡ್. ಮುಂಬಯಿಯಿಂದ ಗೋವಾಗೆ ಹಡಗು ದಕ್ಷಿಣಕ್ಕೆ ಹೋಗುತ್ತದೆ. ಬಲಗಡೆಯವರಿಗೆ ಅರಬ್ಬೀ ಸಮುದ್ರದ ಸೂರ್ಯಾಸ್ತ, ಎಡಗಡೆಯವರಿಗೆ ದಡದ ಕಡೆ ಮತ್ತು ಬೆಳಗಿನ ಬಿಸಿಲು. ಬರುವಾಗ ಎಲ್ಲ ತಿರುವುಮುರುವು. ಸಿಂಗಪುರದಿಂದ ಪೆನಾಂಗ್, ಫುಕೆಟ್ ಕಡೆಗೆ ಮಲಕ್ಕಾ ಜಲಸಂಧಿಯಲ್ಲಿ ಹಡಗು ವಾಯವ್ಯಕ್ಕೆ ಹೋಗುತ್ತದೆ. ಹೋಗುವಾಗ ಬಲಗಡೆ ಬೆಳಗಿನ ಬಿಸಿಲು, ಬರುವಾಗ ಎಡಗಡೆ. ನಿಮ್ಮ ಪ್ರವಾಸದಲ್ಲಿ ಪೂರಾ ಒಂದು ದಿನ ಸಮುದ್ರದಲ್ಲೇ ಕಳೆಯುವುದು ಹೋಗುವಾಗಲೋ ಬರುವಾಗಲೋ ಎಂದು ವೇಳಾಪಟ್ಟಿಯಲ್ಲಿ ನೋಡಿ, ಆ ದಿನಕ್ಕೆ ಸರಿಯಾಗಿ ಕಡೆ ಆರಿಸಿ. ಬೆಳಗ್ಗೆ ಸಂಧ್ಯಾವಂದನೆ ಮಾಡುವವರಿಗೆ, ಸೂರ್ಯೋದಯ ನೋಡಬೇಕೆನ್ನುವವರಿಗೆ ಇದು ಮುಖ್ಯ. ಬಿಸಿಲು ಆಗದವರು ಮೇಲೆ ಚಾವಣಿ ಇರುವ ಬಾಲ್ಕನಿಯನ್ನೇ ಕೇಳಿ ತೆಗೆದುಕೊಳ್ಳಿ. ತುದಿಯ ಅಂತಸ್ತಿನಲ್ಲಿ ಅರ್ಧಂಬರ್ಧ ಚಾವಣಿ ಇರುವುದುಂಟು.

ಅಲಾಸ್ಕಾದಲ್ಲಿ ಮಾತ್ರ ಕಡೆಯ ಚಿಂತೆ ಹೆಚ್ಚು ಬೇಡ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡೇ ದೊಡ್ಡ ಹಡಗುಗಳನ್ನು ಬಿಡುತ್ತಾರೆ. ಹಿಮನದಿಯ ಎದುರು ಹಡಗು ನಿಧಾನವಾಗಿ ಸುತ್ತು ತಿರುಗಿ ಎರಡೂ ಕಡೆಯವರಿಗೆ ತೋರಿಸುತ್ತದೆ. ನಾವು ಸ್ವೆಟರು, ಮಫ್ಲರು ಸುತ್ತಿಕೊಂಡು ಆ ನೇರ ಕುರ್ಚಿಯಲ್ಲಿ ಕೂತಿದ್ದೆವು. ದೂರದಲ್ಲಿ ನೀಲಿ ಗೋಡೆಯಿಂದ ಮನೆಯಷ್ಟು ದೊಡ್ಡ ತುಂಡೊಂದು ಜಾರಿ ನೀರಿಗೆ ಬಿತ್ತು. ಬಿದ್ದದ್ದು ಮೊದಲು ಕಂಡಿತು. ಸದ್ದು ಆಮೇಲೆ, ದೂರದ ಗುಡುಗಿನ ಹಾಗೆ ಬಂತು. ಮಗಳು ನನ್ನ ಕೈ ಹಿಡಿದುಕೊಂಡಳು. ಮನಸ್ಸು ತುಂಬುವಷ್ಟು ಕೂತೆವು ಅಂತ ಮೊದಲಲ್ಲಿ ಹೇಳಿದೆನಲ್ಲ, ಅದು ಈ ಬಾಲ್ಕನಿ.

ಮಳೆಗಾಲದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಒರಟಾಗಿರುತ್ತದೆ. ಆಗ ಬಾಲ್ಕನಿಗೆ ಹೆಚ್ಚಿನ ದುಡ್ಡು ಕೊಡಬೇಡಿ.

ನಮ್ಮವರಿಗೆ ಹೇಳಲೇಬೇಕಾದ ಕೆಲವು

ತಡೆಗೋಡೆಯ ಹತ್ತಿರಕ್ಕೆ ಕುರ್ಚಿಯನ್ನಾಗಲಿ ಮೇಜನ್ನಾಗಲಿ ಎಳೆದು ಇಡಬೇಡಿ. ಮಗು ಹತ್ತಲು ಒಂದು ಕ್ಷಣ ಸಾಕು. ಮಕ್ಕಳಿದ್ದರೆ ಕುರ್ಚಿಗಳು ಗೋಡೆ ಕಡೆಗೇ ಇರಲಿ, ಬಾಗಿಲಿನ ಚಿಲಕ ಯಾವಾಗಲೂ ಹಾಕಿರಲಿ, ಮಕ್ಕಳನ್ನು ಒಬ್ಬರನ್ನೇ ಹೊರಗೆ ಬಿಡಲೇಬೇಡಿ. ಎತ್ತಿಕೊಂಡು ಕೈಹಿಡಿಯ ಮೇಲೆ ಕೂರಿಸಿ ಫೋಟೋ ತೆಗೆಸುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೈಮುಗಿದು ಕೇಳುತ್ತೇನೆ, ಬೇಡ.

ಒದ್ದೆ ಸೀರೆ, ಟವೆಲು ಕೈಹಿಡಿಗೆ ಹಾಕಿ ಒಣಗಿಸುವ ಹಾಗಿಲ್ಲ. ಬಚ್ಚಲಿನಲ್ಲಿ ಎಳೆದು ಕಟ್ಟುವ ದಾರ ಹೆಚ್ಚಿನ ಹಡಗುಗಳಲ್ಲಿ ಇರುತ್ತದೆ. ಊದುಬತ್ತಿ, ಕರ್ಪೂರ, ದೀಪ ಕೋಣೆಯಲ್ಲೂ ಬಾಲ್ಕನಿಯಲ್ಲೂ ಹಚ್ಚಬಾರದು. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಇಲ್ಲ. ಸಿಗರೇಟಿಗೂ ಹೆಚ್ಚಿನ ಕಂಪನಿಗಳು ಬಾಲ್ಕನಿಯಲ್ಲಿ ಅವಕಾಶ ಕೊಡುವುದಿಲ್ಲ. ಸಮುದ್ರಕ್ಕೆ ಹೂವು, ಕಾಯಿ, ಪೊಟ್ಟಣ ಏನನ್ನೂ ಎಸೆಯಬೇಡಿ. ಪ್ಲಾಸ್ಟಿಕ್ ಎಸೆಯುವುದಂತೂ ಅಂತರರಾಷ್ಟ್ರೀಯ ಕಾನೂನಿನಂತೆ ಅಪರಾಧ.

ಮನೆಯಿಂದ ಎರಡು ತೆಳು ಟವೆಲು ಒಯ್ಯಿರಿ. ಬೆಳಗ್ಗೆ ಕುರ್ಚಿಯ ಮೇಲೆ ಇಬ್ಬನಿಯೂ ಉಪ್ಪೂ ಸೇರಿ ಅಂಟಂಟಾಗಿರುತ್ತದೆ. ಒಂದರಲ್ಲಿ ಒರೆಸಿ, ಇನ್ನೊಂದನ್ನು ಹಾಸಿ ಕೂರಿ. ಕನ್ನಡಕ ಒರೆಸಲು ಬೇರೆ ಬಟ್ಟೆ ಇರಲಿ.

ಅಕ್ಕ ಭಾವ ಆರಿಸಿದ್ದು

ಅವರ ವೇಳಾಪಟ್ಟಿಯಲ್ಲಿ ಪೂರಾ ಸಮುದ್ರದ ದಿನ ಬರುವುದು ಫುಕೆಟ್‌ನಿಂದ ಹಿಂದಿರುಗುವಾಗ. ಭಾವನಿಗೆ ಬೇಕಾದದ್ದು ಬೆಳಗಿನ ಹೊತ್ತು. ಆದ್ದರಿಂದ ಎಡಗಡೆ. ಅಕ್ಕನಿಗೆ ಬಸ್ಸಿನಲ್ಲಿ ಮಡಿಕೇರಿ ಘಾಟಿ ಹತ್ತಿದರೂ ತಲೆ ಸುತ್ತುತ್ತದೆ, ಆದ್ದರಿಂದ ನಡುಭಾಗ, ದೋಣಿಗಳಿಗಿಂತ ಎರಡು ಅಂತಸ್ತು ಮೇಲೆ, ಅದಕ್ಕಿಂತ ಎತ್ತರ ಬೇಡ ಎಂದೆ. ಲಿಫ್ಟು ಹತ್ತಿರ. ಗಾಜಿನ ತಡೆ. ಮೇಲಿನ ದರ್ಜೆಯಲ್ಲಿ ಲೌಂಜರ್ ಇದೆ ಅಂತ ಟಿಕೆಟ್ಟಿನ ಹುಡುಗ ಆಸೆ ತೋರಿಸಿದ. ಭಾವ ನನ್ನನ್ನು ಕೇಳಿ, ಬೇಡ, ತೋಳಿರುವ ನೇರ ಕುರ್ಚಿ ಎರಡು ಇದ್ದರೆ ಸಾಕು ಅಂದರು. ಉಳಿದ ದುಡ್ಡಿನಲ್ಲಿ ಸಿಂಗಪುರದಲ್ಲಿ ಒಂದು ದಿನ ಹೆಚ್ಚಿಗೆ ಇರುತ್ತಾರಂತೆ.

ಮೊನ್ನೆ ಭಾನುವಾರ ಊರಿಗೆ ಹೋಗಿದ್ದೆ. ಜಗಲಿಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಿತ್ತು, ಐದಡಿ ಅಗಲ, ಎಂಟಡಿ ಉದ್ದ. ಒಳಗೆ ಎರಡು ಕುರ್ಚಿ. "ಕಾಫಿ ಲೋಟ ಇಡಕ್ಕೆ ಜಾಗ ಐತೆ ಕಣಮ್ಮ, ನೋಡು" ಅಂದರು ಭಾವ.